ಎರಡನೆಯ ವೀಳ್ಯ

ದೊಡ್ಡಮನೆ,
ಹೊಸಹಳ್ಳಿ ಹೋಬಳಿ, ಕೂಡ್ಲಿಗಿ ತಾಲ್ಲೂಕು
೧೮ ಫೆಬ್ರುವರಿ ೨೦೨೪, ಭಾನುವಾರ

ಮಗಳು ಪಂಪಾವತಿಗೆ,

ಅವ್ವನ ತುಂಬು ಮನಸ್ಸಿನ ಆಶೀರ್ವಾದ. ಮೊಣಕಾಲು ಒಂದನ್ನು ಬಿಟ್ಟರೆ ಮೈಯಲ್ಲಿ ಎಲ್ಲವೂ ಇನ್ನೂ ನನ್ನ ಮಾತು ಕೇಳುತ್ತವೆ. ಅಳಿಯಂದಿರು, ಮೊಮ್ಮಕ್ಕಳು ಚೆನ್ನಾಗಿದ್ದಾರೆಂದು ತಿಳಿದಿದ್ದೇನೆ. ಹಡಗಲಿಯಲ್ಲಿ ಮಲ್ಲಿಗೆ ಮೊಗ್ಗು ಹಿಡಿಯುವ ಕಾಲ ಬಂತು, ನಿನಗೆ ತೋಟದ ಕೆಲಸ ಇರುತ್ತದೆ. ಈ ಕಾಗದವನ್ನು ಮಧ್ಯಾಹ್ನ ಊಟವಾದ ಮೇಲೆ ಪುರುಸೊತ್ತಿನಲ್ಲಿ ಓದು.

ನಿನ್ನೆ ಫೋನಿನಲ್ಲಿ ನೀನು ಒಂದೇ ಸಮನೆ ಯಾಕೆ ಹಾಗೆ ಮಾಡಿದಿ ಅವ್ವ, ಯಾಕೆ ಹಾಗೆ ಮಾಡಿದಿ ಎಂದು ಕೇಳಿದೆ. ನಾನು ಫೋನ್ ಇಟ್ಟುಬಿಟ್ಟೆ. ನಿನಗೆ ಬೇಸರವಾಗಿರಬೇಕು. ಏನು ಮಾಡಲಿ, ಪಡಸಾಲೆಯಲ್ಲಿ ನಿನ್ನ ಚಿಕ್ಕಪ್ಪ ಬೆನಕಪ್ಪ ಪೇಪರ್ ಹಿಡಿದುಕೊಂಡು ಕುಳಿತಿದ್ದ. ಪೇಪರ್ ತಲೆಕೆಳಗಾಗಿತ್ತು, ಕಿವಿ ಮಾತ್ರ ನೆಟ್ಟಗಿತ್ತು. ಅವನ ಎದುರಿಗೆ ಹೇಳುವ ಮಾತಲ್ಲ ಎಂದು ಕಾಗದ ಹಿಡಿದೆ. ನೀನು ಮದುವೆಯಾಗಿ ಹೋದ ಹೊಸದರಲ್ಲಿ ಬರೆಯುತ್ತಿದ್ದೆನಲ್ಲ, ಆಮೇಲೆ ಇದೇ ಮೊದಲು. ಅಕ್ಷರ ಸೊಟ್ಟಗಾದರೆ ನಗಬೇಡ.

ಕೆಂಚಕ್ಕನ ಮೊಮ್ಮಗಳ ನಿಶ್ಚಯದಲ್ಲಿ ನಾನು ನಮ್ಮ ಮನೆಯ ಮೊದಲನೆಯ ವೀಳ್ಯವನ್ನು ಬಿಟ್ಟುಕೊಟ್ಟು ಏಳು ತಲೆಮಾರಿನ ಮರ್ಯಾದೆ ಕಳೆದೆ ಎಂದು ಚಿಕ್ಕಪ್ಪ ನಿನಗೆ ಹೇಳಿದನಂತೆ. ಬಿಟ್ಟುಕೊಟ್ಟದ್ದು ನಿಜ. ಮರ್ಯಾದೆ ಹೋಯಿತೋ ಉಳಿಯಿತೋ, ಪೂರಾ ಓದಿ ನೀನೇ ಹೇಳು.

ವೀಳ್ಯದ ಪದ್ಧತಿ ನಿನಗೆ ಗೊತ್ತಿರುವುದೇ. ಆದರೆ ನಿನ್ನ ಮಕ್ಕಳಿಗೆ ಓದಿ ಹೇಳುವಾಗ ಬೇಕಾಗುತ್ತದೆ, ಅದಕ್ಕೆ ಬರೆಯುತ್ತೇನೆ. ನಮ್ಮೂರಲ್ಲಿ ಯಾರ ಮನೆಯ ನಿಶ್ಚಯವಾದರೂ ಎರಡೂ ಕಡೆಯವರು ಕುಳಿತ ಮೇಲೆ ನಡುವೆ ಎಲೆ ಅಡಿಕೆಯ ತಟ್ಟೆ ಇಟ್ಟು ಹೆಸರು ಕರೆಯುತ್ತಾರೆ. ಕರೆಸಿಕೊಂಡವನು ಎದ್ದು ಬಂದು ವೀಳ್ಯ ಎತ್ತಿಕೊಳ್ಳಬೇಕು. ಎತ್ತಿಕೊಂಡರೆ ಆ ಸಂಬಂಧಕ್ಕೆ ಅವನು ಒಪ್ಪಿದ ಹಾಗೆ. ಮೊದಲನೆಯದು ನಮ್ಮ ದೊಡ್ಡಮನೆಗೆ, ಅದು ಯಾವ ಜಾತಿಯವರ ಮನೆಯ ಕಾರ್ಯವಾದರೂ ಸರಿ. ಮೊದಲನೆಯದನ್ನು ಎತ್ತುವ ತನಕ ಎರಡನೆಯದನ್ನು ಕರೆಯುವ ಹಾಗಿಲ್ಲ. ಎಲ್ಲ ವೀಳ್ಯ ಮುಗಿಯದೆ ನಿಶ್ಚಯ ಆದಂತಲ್ಲ. ಹೀಗಾಗಿ ನಮ್ಮ ಮನೆಯ ಗೌಡರು ಕೈ ಚಾಚದೆ ಈ ಊರಲ್ಲಿ ಒಂದು ಹೆಣ್ಣಿನ ಮದುವೆಯೂ ಆಗುತ್ತಿರಲಿಲ್ಲ.

ಇದನ್ನು ಬರೆಯುವಾಗ ನನಗೆ ಹೆಮ್ಮೆಯೇ ಆಗುತ್ತದೆ, ಸುಳ್ಳು ಯಾಕೆ ಹೇಳಲಿ. ನಾನು ಸೊಸೆಯಾಗಿ ಬಂದಾಗ ಹೊಸಹಳ್ಳಿ ರಸ್ತೆಯಿಂದ ಗುಡ್ಡದ ಬುಡದ ತನಕ ನಮ್ಮದೇ ಹೊಲ. ಸುಗ್ಗಿಯಲ್ಲಿ ಜೋಳದ ಗಾಡಿಗಳು ಊರ ಅಗಸೆಬಾಗಿಲಿನಿಂದ ನಮ್ಮ ಮನೆಯ ತನಕ ಸಾಲುಗಟ್ಟಿ ನಿಲ್ಲುತ್ತಿದ್ದವು. ನಮ್ಮ ಮನೆಯ ಮುಂದೆ ಗಾಡಿಯಲ್ಲಿ ಕುಳಿತು ಯಾರೂ ಹೋಗುತ್ತಿರಲಿಲ್ಲ, ಇಳಿದು ಎತ್ತಿನ ಹಗ್ಗ ಹಿಡಿದು ನಡೆಯುತ್ತಿದ್ದರು. ಕೊಟ್ಟೂರಿನ ವ್ಯಾಪಾರಸ್ಥರು ಸೇಂಗಾ ದರ ಹೇಳುವ ಮೊದಲು ನಿನ್ನ ಅಜ್ಜನ ಮುಖ ನೋಡುತ್ತಿದ್ದರು. ಈಗಲೂ ಎಲೆಕ್ಷನ್ ಬಂದರೆ ಎಲ್ಲ ಪಾರ್ಟಿಯವರ ಚಹಾ ನಮ್ಮ ಪಡಸಾಲೆಯಲ್ಲೇ ಆಗುತ್ತದೆ. ನಾನು ಬಂದ ಹೊಸದರಲ್ಲೇ ಉಳುವವನಿಗೇ ಹೊಲ ಎಂಬ ಕಾನೂನು ಬಂದು ಗುಡ್ಡದ ಕಡೆಯ ಹೊಲವೆಲ್ಲ ಹೋಯಿತು. ವೀಳ್ಯಕ್ಕೆ ಯಾವ ಕಾನೂನೂ ಬರಲಿಲ್ಲ, ಅದು ನಮ್ಮಲ್ಲೇ ಉಳಿಯಿತು.

ಆ ಕಾನೂನು ಬಂದಾಗ ಊರಲ್ಲಿ ಮೊದಲು ಅರ್ಜಿ ಹಾಕಿದವನು ನಮ್ಮ ಹೊಲ ಉಳುತ್ತಿದ್ದ ಗಾದೆಪ್ಪ, ಈ ಕೆಂಚಕ್ಕನ ಅಪ್ಪ. ಅದೇ ವರ್ಷ ಕೆಂಚಕ್ಕನಿಗೆ ತೆಲಿಗಿಯ ಹುಡುಗನೊಂದಿಗೆ ನಿಶ್ಚಯ ಇಟ್ಟುಕೊಂಡರು. ನಮ್ಮ ಮನೆಯ ಹೆಸರು ಕರೆದರು. ನಿನ್ನ ಅಜ್ಜ ಹೋಗಲಿಲ್ಲ. ಗಾದೆಪ್ಪ ತಟ್ಟೆ ಹಿಡಿದುಕೊಂಡು ನಮ್ಮ ಅಂಗಳಕ್ಕೇ ಬಂದು ನಿಂತ. ಅಜ್ಜ ಅವನನ್ನು ಬೈಯಲಿಲ್ಲ, ಹೋಗು ಎನ್ನಲಿಲ್ಲ. ಅವನ ಕಣ್ಣೆದುರಿಗೇ ಮಜ್ಜಿಗೆ ಕುಡಿದರು, ಒಂದು ನಿದ್ದೆ ತೆಗೆದರು, ಎದ್ದು ಮುಖ ತೊಳೆದರು. ಗಾದೆಪ್ಪ ಬಿಸಿಲಲ್ಲಿ ನಿಂತೇ ಇದ್ದ. ಬಿಸಿಲು ಇಳಿಯುವ ಹೊತ್ತಿಗೆ ತೆಲಿಗಿಯವರು ಗಾಡಿ ಕಟ್ಟಿಕೊಂಡು ಹೊರಟುಹೋದರು. ನಾನು ಆಗ ಹೊಸ ಸೊಸೆ, ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ತಟ್ಟೆಯಲ್ಲಿದ್ದ ಎಲೆಗಳು ಬಾಡಿ ಸುರುಳಿ ಸುತ್ತಿಕೊಂಡಿದ್ದವು.

ಈ ಕಥೆಯನ್ನು ಚಿಕ್ಕಪ್ಪ ನಿನಗೆ ಎಷ್ಟು ಸಲ ಹೇಳಿದ್ದಾನೋ. ನಮ್ಮಪ್ಪ ಕೈ ಚಾಚಲಿಲ್ಲ, ತೆಲಿಗಿ ಗಾಡಿ ಹಿಂದಕ್ಕೆ ತಿರುಗಿತು ಎಂದು ತೊಡೆ ತಟ್ಟಿಕೊಂಡು ಹೇಳುತ್ತಿದ್ದ, ನೀನು ಅವನ ಮಡಿಲಲ್ಲಿ ಕುಳಿತು ನಗುತ್ತಿದ್ದೆ. ಮುಂದಿನದನ್ನು ಅವನು ಹೇಳುತ್ತಿರಲಿಲ್ಲ. ಗುಡ್ಡದ ಹೊಲ ಗಾದೆಪ್ಪನದಾಯಿತು. ಆದರೆ ನಿಶ್ಚಯ ಮುರಿದ ಹೆಣ್ಣನ್ನು ಯಾರೂ ಕೇಳಿಕೊಂಡು ಬರಲಿಲ್ಲ. ಕಡೆಗೆ ಹೆಂಡತಿ ಸತ್ತವನೊಬ್ಬನಿಗೆ, ಅವನ ಊರಲ್ಲೇ ವೀಳ್ಯ ಕರೆಸಿ, ಕೆಂಚಕ್ಕನನ್ನು ಕೊಟ್ಟರು. ಅವನೂ ಬೇಗ ಹೋದ. ಅವಳು ಮಗ ಹುಲುಗೇಶನನ್ನು ಸೊಂಟಕ್ಕೆ ಹಾಕಿಕೊಂಡು ಅಪ್ಪನ ಹೊಲಕ್ಕೆ ವಾಪಸು ಬಂದು ಅದರಲ್ಲೇ ಬದುಕು ಕಟ್ಟಿದಳು. ಹುಲುಗೇಶನ ನಿಶ್ಚಯವೂ ಹೆಣ್ಣಿನ ಊರಲ್ಲೇ ನಡೆಯಿತು. ಹಾಗಾಗಿ ಆ ದಿನದ ಮೇಲೆ ಗಾದೆಪ್ಪನ ಮನೆಯಂಗಳದಲ್ಲಿ ವೀಳ್ಯ ಕರೆದದ್ದೇ ಇರಲಿಲ್ಲ.

ಈಗ ಹುಲುಗೇಶನ ಮಗಳು ಲಕ್ಷ್ಮಿದೇವಿಗೆ ಕೂಡಿಬಂದಿದೆ. ಕೊಟ್ಟೂರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಳೆ, ನನ್ನ ಬಿ.ಪಿ. ನೋಡಿ ನನ್ನನ್ನೇ ಗದರುವ ಹುಡುಗಿ. ಹುಡುಗ ನೀಲಗುಂದದವನು, ಹರಪನಹಳ್ಳಿಯಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇಟ್ಟಿದ್ದಾನೆ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿಕೊಂಡಿದ್ದರು. ಹುಡುಗನಿಗೆ ಅಪ್ಪ ಇಲ್ಲ, ಅವನ ದೊಡ್ಡಪ್ಪ ಭೀಮರಾಜ ಎಂಬಾತನದೇ ಯಜಮಾನಿಕೆ. ಹಳೆಯ ಕಾಲದ ಮನುಷ್ಯ, ಹಲ್ಲಿ ಲೊಚಗುಟ್ಟಿದರೂ ಅರ್ಥ ಹುಡುಕುವಂಥವನು.

ನಿಶ್ಚಯಕ್ಕೆ ಕರೆಯಲು ಕೆಂಚಕ್ಕ ತಾನೇ ಬಂದಳು. ಅವಳು ನಮ್ಮ ಮುಂಬಾಗಿಲಿಗೆ ಬಂದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಹಿತ್ತಲ ಬಾಗಿಲಿಗೆ ಬಂದು ಮಾತಾಡಿ ಹೋಗುತ್ತಿದ್ದವಳು. ಚಿಕ್ಕಪ್ಪ ಪಡಸಾಲೆಯಲ್ಲೇ ಇದ್ದ. ನಿನ್ನ ಅಪ್ಪ ಹೋದ ಮೇಲೆ ವೀಳ್ಯಕ್ಕೆ ಹೋಗಿ ಬರುತ್ತಿರುವವನು ಅವನೇ ತಾನೆ, ಹೆಗಲ ಟವೆಲ್ ಸರಿಮಾಡಿಕೊಂಡು ಕುಳಿತ. ಕೆಂಚಕ್ಕ ಅವನಿಗೊಂದು ನಮಸ್ಕಾರ ಹಾಕಿ ನೇರ ನನ್ನ ಹತ್ತಿರ ಬಂದು, "ಗೌಡ್ತಿ, ನೀವು ಬರ್ರಿ. ಅವತ್ತು ಕಿಟಕ್ಯಾಗ ನಿಂತು ನೋಡಿದವ್ರು ನೀವು ಒಬ್ರೇ ಉಳದೀರಿ. ಇದನ್ನೂ ನೋಡಾಕ ಬರ್ರಿ" ಎಂದಳು. ನಾನು ಕಿಟಕಿಯಲ್ಲಿದ್ದದ್ದು ಅವಳಿಗೆ ಗೊತ್ತಿತ್ತು ಎಂಬುದು ನನಗೆ ಆವತ್ತೇ ಗೊತ್ತಾದದ್ದು. ಬರುತ್ತೇನೆ ಎಂದೆ.

ಅವಳು ಅಂಗಳ ದಾಟುವುದೇ ತಡ, ಚಿಕ್ಕಪ್ಪ ಶುರುಮಾಡಿದ. "ಅತ್ತಿಗಿ, ಹೆಣ್ಮಕ್ಕಳು ವೀಳ್ಯಕ್ಕ ಹೋಗಿದ್ದು ನಮ್ಮ ಮನಿತನದಾಗ ಐತೇನ್ರಿ? ಅದ್ರಾಗ ನೀವು ಗಂಡ ಇಲ್ಲದವ್ರು. ಶುಭಕಾರ್ಯ ಅದು" ಎಂದ. ಕರೆದವಳಿಗೂ ಗಂಡ ಇಲ್ಲ, ಅವಳಿಗೆ ಇಲ್ಲದ ಅಡ್ಡಿ ನಿನಗೆ ಯಾಕಪ್ಪ ಎಂದು ಕೇಳಿದೆ. ನಾನೂ ಬರುತ್ತೇನೆ, ಮೊದಲನೆಯ ವೀಳ್ಯ ನಾನೇ ಎತ್ತುತ್ತೇನೆ ಎಂದು ಅವನು. ಬಾರಪ್ಪ, ದಾರಿ ನಮ್ಮಪ್ಪನದಲ್ಲ ಎಂದು ನಾನು.

ಗುರುವಾರ ಬೆಳಿಗ್ಗೆ ನನ್ನ ಮಾವಿನಕಾಯಿ ಬಣ್ಣದ ಇಳಕಲ್ ಸೀರೆ ಉಟ್ಟುಕೊಂಡು ಹೋದೆ. ಹುಲುಗೇಶ ಮನೆ ಮುಂದೆ ಶಾಮಿಯಾನ ಹಾಕಿಸಿದ್ದ. ನೀಲಗುಂದದವರು ಎರಡು ಟೆಂಪೊ ತುಂಬ ಬಂದಿದ್ದರು. ನನಗೆ ಎಂದು ಒಂದು ಮರದ ಕುರ್ಚಿ ಹಾಕಿದ್ದರು, ಉಳಿದವೆಲ್ಲ ಪ್ಲಾಸ್ಟಿಕ್ಕಿನವು. ಮನಸ್ಸಿಗೆ ಹಿತವಾಯಿತು. ಚಿಕ್ಕಪ್ಪ ಕುಳಿತುಕೊಳ್ಳದೆ ಕಂಬಕ್ಕೆ ಒರಗಿ ನಿಂತ, ಹೆಸರು ಕರೆದ ಕೂಡಲೇ ಬರಲು ಸುಲಭವಾಗಲಿ ಎಂದು.

ವೀಳ್ಯ ಕರೆಯುವವನು ಪಕ್ಕೀರಪ್ಪ. ಅವರಪ್ಪನೂ ಇದೇ ಕೆಲಸ ಮಾಡುತ್ತಿದ್ದ, ದನಿಗೆ ಮೈಕು ಬೇಡ. ತಟ್ಟೆ ಇಟ್ಟರು. ಪಕ್ಕೀರಪ್ಪ ಎದ್ದು ನಿಂತು ರೂಢಿಯಂತೆ ದೊಡ್ಡಮನೆ ಎಂದು ಬಾಯಿ ತೆರೆದ. ಹೆಂಗಸರ ಸಾಲಿನಿಂದ ಕೆಂಚಕ್ಕ ಎದ್ದಳು. "ನಿಲ್ಲಪ್ಪ ಪಕ್ಕೀರ. ಮೊದಲನೇದು ನಮ್ಮಪ್ಪ ಗಾದೆಪ್ಪನ ಹೆಸರಿಗೆ ಕರಿ" ಎಂದಳು. ಜೋರಾಗಿ ಏನೂ ಹೇಳಲಿಲ್ಲ, ಮನೆಯಲ್ಲಿ ನೀರು ಕೇಳುವಷ್ಟು ಮೆತ್ತಗೆ ಹೇಳಿದಳು. ಪಕ್ಕೀರಪ್ಪ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದ. ಕೆಂಚಕ್ಕನ ಮುಖದಲ್ಲಿ ಏನು ಕಂಡನೋ, ಗಾದೆಪ್ಪನ ಹೆಸರು ಕರೆದೇಬಿಟ್ಟ.

ಪಂಪಾ, ಅಲ್ಲಿಯೇ ಎಡವಟ್ಟಾದದ್ದು. ವೀಳ್ಯ ಕರೆಯುವುದು ಬದುಕಿರುವವರ ಹೆಸರಿಗೆ. ಸತ್ತವರ ಹೆಸರನ್ನು ಯಾರೂ ಕರೆಯುವುದಿಲ್ಲ, ಎತ್ತಲು ಯಾರು ಬರಬೇಕು? ಅಪ್ಪನ ಹೆಸರನ್ನು ಊರ ಮುಂದೆ ಮೊದಲು ಕೇಳಬೇಕೆಂಬ ಆಸೆಯಲ್ಲಿ ಕೆಂಚಕ್ಕ ಇದನ್ನು ಯೋಚಿಸಿಯೇ ಇರಲಿಲ್ಲ. ಕರೆದ ಹೆಸರನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ. ಎತ್ತದೆ ಮುಂದಿನದನ್ನು ಕರೆಯಲೂ ಬರುವುದಿಲ್ಲ. ಭೀಮರಾಜ ಎದ್ದು ನಿಂತು ಪಂಚೆ ಎತ್ತಿ ಕಟ್ಟಿಕೊಂಡ. "ಏನ್ರಿ ಇದು, ಲಗ್ನದ ಮಾತಿಗೆ ಕರಿಸೀರೋ ತಿಥಿಗೆ ಕರಿಸೀರೋ? ಸತ್ತವರ ವೀಳ್ಯ ಎತ್ತವ್ರು ಯಾರು?" ಎಂದ. ಕೆಂಚಕ್ಕ, "ಮಗಳು ನಾ ಅದೀನಿ, ನಾ ಎತ್ತತೀನಿ" ಎಂದಳು. ಹೆಂಗಸರು ವೀಳ್ಯ ಎತ್ತುವುದು ಯಾವ ಊರಲ್ಲಿದೆ ಎಂದು ನೀಲಗುಂದದ ಗಂಡಸರೆಲ್ಲ ಒಟ್ಟಿಗೆ ಎದ್ದರು. ಟೆಂಪೊ ಡ್ರೈವರ್ ಚಹಾದ ಲೋಟ ಕೆಳಗಿಟ್ಟ.

ಲಕ್ಷ್ಮಿದೇವಿ ಒಳಬಾಗಿಲಲ್ಲಿ ನಿಂತಿದ್ದಳು. ಅದೇ ಮನೆ, ಅದೇ ತಟ್ಟೆ, ಎದ್ದು ಹೋಗುತ್ತಿರುವ ಅಂಥದೇ ಬೀಗರು. ಅಷ್ಟರಲ್ಲಿ ಚಿಕ್ಕಪ್ಪ ಕಂಬ ಬಿಟ್ಟು ಮುಂದೆ ಬಂದು, "ಹೆಣ್ಮಗಳು ತಪ್ಪಿ ಅಂದಾಳ, ಮನಸಿಗೆ ಹಚಗೋಬ್ಯಾಡ್ರಿ. ಪಕ್ಕೀರ, ನಮ್ಮ ಮನಿ ಹೆಸರು ಕರಿ. ನಾ ಎತ್ತತೀನಿ, ಎಲ್ಲಾ ಸುಸೂತ್ರ ಆಗತೈತಿ" ಎಂದ. ಕರೆದ ಹೆಸರು ಹಿಂದಕ್ಕೆ ಬಾರದಿದ್ದರೂ, ತಪ್ಪಿ ಕರೆದದ್ದು ಎಂದು ದೊಡ್ಡಮನೆಯೇ ಹೇಳಿದ ಮೇಲೆ, ನಿಜ ಹೇಳಬೇಕೆಂದರೆ ಅವನ ಮಾತು ನಡೆಯುತ್ತಿತ್ತು. ಹುಲುಗೇಶ ಬೆವರಿಹೋಗಿದ್ದ. "ಬಿಡಬೇ ಅವ್ವ, ಕೂಸಿನ ಬಾಳೇವು ಐತಿ, ಗೌಡ್ರ ಹೆಸರು ಕರಿಸೋಣು" ಎಂದು ತಾಯಿಯ ಕೈ ಹಿಡಿದುಕೊಂಡ. ಕೆಂಚಕ್ಕ ಮಗನನ್ನು ನೋಡಿದಳು, ಮೊಮ್ಮಗಳನ್ನು ನೋಡಿದಳು, ತಲೆ ತಗ್ಗಿಸಿದಳು. ಇನ್ನೊಂದು ಗಳಿಗೆ ಕಳೆದಿದ್ದರೆ ಆಗಲಿ ಎಂದುಬಿಡುತ್ತಿದ್ದಳು. ನಮಗೆ ಮೊದಲನೆಯದೂ ಸಿಗುತ್ತಿತ್ತು, ನಿಶ್ಚಯ ಉಳಿಸಿದ ಪುಣ್ಯವೂ ಸಿಗುತ್ತಿತ್ತು, ಊರೆಲ್ಲ ನಮ್ಮ ಹೆಸರು ಹೇಳುತ್ತಿತ್ತು.

ನನಗೆ ಮೈ ಉರಿಯಿತು ಪಂಪಾ. ಇದೇ ಎಲೆ ಅಡಿಕೆಯಿಂದ ಇವಳ ಅಪ್ಪನ ಮರ್ಯಾದೆ ಕಳೆದದ್ದು ನಾವು, ಅದನ್ನೇ ಹಿಡಿದು ಮಗಳ ತಲೆ ಇನ್ನೊಮ್ಮೆ ತಗ್ಗಿಸುತ್ತಿರುವವರೂ ನಾವೇ, ಮೇಲಿಂದ ಉಪಕಾರ ಮಾಡಿದೆವು ಎಂದು ಬೇರೆ ಹೇಳಿಕೊಳ್ಳಬೇಕು. ಮೊಣಕಾಲು ಹಿಡಿದುಕೊಂಡು ಎದ್ದೆ. ನಾನು ಎದ್ದದ್ದಕ್ಕೆ ಎಲ್ಲರ ಬಾಯಿ ನಿಂತಿತು, ಅಷ್ಟರಮಟ್ಟಿಗೆ ನಮ್ಮ ಮನೆಯ ವಜನು ಇನ್ನೂ ಇದೆ. "ಪಕ್ಕೀರ, ಗಾದೆಪ್ಪನ ಹೆಸರು ಕರದೀ, ಸರಿಯಾಗಿ ಕರದೀ. ನಮ್ಮ ಮನೀದು ಎರಡನೇದು. ಅದನ್ನ ಎತ್ತಿದ ಮ್ಯಾಲೆ ನಮ್ಮನ್ನ ಕರಿ. ಕೆಂಚಕ್ಕ, ಎತ್ತವ್ವ, ನಾ ಕಾಯಾಕತ್ತೀನಿ" ಎಂದೆ.

ಚಿಕ್ಕಪ್ಪ ಅತ್ತಿಗೆ ಎಂದು ಏನೋ ಹೇಳಲು ಬಂದ. ನಾನು ಅವನ ಕಡೆ ತಿರುಗಲೇ ಇಲ್ಲ. ಭೀಮರಾಜ ನನ್ನನ್ನು ನೋಡಿದ, ಕೆಂಚಕ್ಕನನ್ನು ನೋಡಿದ, ಪಂಚೆ ಇಳಿಬಿಟ್ಟು, "ದೊಡ್ಡಮನಿಯವ್ರೇ ಎರಡನೇದಕ್ಕ ನಿಂತ ಮ್ಯಾಲೆ ನಮ್ಮದೇನೈತ್ರಿ" ಎಂದು ಕುಳಿತುಬಿಟ್ಟ. ಅವನ ಹಿಂದೆ ಉಳಿದವರೂ ಕುಳಿತರು. ಕೆಂಚಕ್ಕ ನಡುವೆ ಬಂದು ಎರಡೂ ಕೈಯಿಂದ ವೀಳ್ಯ ಎತ್ತಿ ಕಣ್ಣಿಗೆ ಒತ್ತಿಕೊಂಡಳು. ಅಪ್ಪಾ ಎಂದು ಒಂದು ಸಲ ಅಂದಳು, ಅಷ್ಟೇ. ಆಮೇಲೆ ಪಕ್ಕೀರಪ್ಪ ನಮ್ಮದನ್ನು ಕರೆದ, ನಾನು ಹೋಗಿ ಎತ್ತಿಕೊಂಡು ಬಂದೆ. ಉಳಿದವರ ವೀಳ್ಯವೆಲ್ಲ ಸರಾಗವಾಗಿ ಮುಗಿಯಿತು, ಹುಡುಗಿಗೆ ಸೀರೆ ಉಡಿಸಿದರು.

ನಮ್ಮ ಮನೆಯವರು ವೀಳ್ಯ ಎತ್ತಿ ಚಪ್ಪಲಿ ಮೆಟ್ಟಿ ಹೊರಟುಬಿಡುವುದು ರೂಢಿ, ಕೆಂಚಕ್ಕನ ಜಾತಿಯವರ ಮನೆಗಳಲ್ಲಿ ಊಟಕ್ಕೆ ಕೂರುತ್ತಿರಲಿಲ್ಲ. ಅಕ್ಕಿ ಬೇಳೆ ಬೆಲ್ಲ ಬುಟ್ಟಿಯಲ್ಲಿ ನಮ್ಮ ಮನೆಗೆ ಬರುತ್ತಿತ್ತು. ನಾನು ಕುಳಿತೆ. ಗೋಧಿ ಹುಗ್ಗಿ ಮಾಡಿದ್ದರು, ಗಸಗಸೆ ಕೊಬ್ಬರಿ ಹದವಾಗಿ ಬಿದ್ದಿತ್ತು, ನಿನ್ನ ಚಿಕ್ಕಮ್ಮ ಮಾಡುವ ಹುಗ್ಗಿಗಿಂತ ಎಷ್ಟೋ ಮೇಲು. ಇದನ್ನು ಅವಳಿಗೆ ಹೇಳಬೇಡ. ಕೆಂಚಕ್ಕ ತಾನೇ ಬಡಿಸಲು ಬಂದಳು. ನನ್ನ ಮುಂದೆ ನಿಂತು, "ಗೌಡ್ತಿ, ನೀವು ಏಳದಿದ್ರೂ ನಾ ಎತ್ತತಿದ್ದೆರಿ" ಎಂದಳು. ನಾನು, "ಎತ್ತತಿದ್ದಿ. ಬೀಗರು ಎದ್ದು ಹೋಗತಿದ್ರು" ಎಂದೆ. ಅವಳು "ಹೋಗತಿದ್ರು" ಎಂದು ಒಪ್ಪಿಕೊಂಡು ಇನ್ನೊಂದು ಸೌಟು ಹುಗ್ಗಿ ಹಾಕಿದಳು. ಉಪಕಾರ ಆಯಿತು ಎಂದು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾದವಳೂ ಅಲ್ಲ.

ಈಗ ನಿನ್ನ ಚಿಕ್ಕಪ್ಪನ ಲೆಕ್ಕದಲ್ಲಿ ನಾನು ಮನೆತನದ ಮಾನ ತೆಗೆದವಳು. ನನ್ನ ಎದುರು ಊಟಕ್ಕೆ ಕೂರುವುದಿಲ್ಲ, ಬೇಕಾದ್ದನ್ನೆಲ್ಲ ಬೆಕ್ಕಿಗೆ ಹೇಳುವ ಹಾಗೆ ಗೋಡೆ ನೋಡಿಕೊಂಡು ಹೇಳುತ್ತಾನೆ. ಇಷ್ಟು ವರ್ಷ ಮೊದಲನೆಯ ವೀಳ್ಯ ಎತ್ತಿದೆವು ಎನ್ನುತ್ತಾನಲ್ಲ, ಹೆಸರು ಕರೆದಾಗ ಎದ್ದು ಬರುವುದಕ್ಕೆ ಎರಡು ಕಾಲಿದ್ದರೆ ಸಾಕಿತ್ತು. ನಮ್ಮದು ಎರಡನೆಯದು ಎಂದು ಊರ ಮುಂದೆ ನಾವೇ ಹೇಳುವುದಕ್ಕೆ ಗಟ್ಟಿ ಗುಂಡಿಗೆ ಬೇಕಿತ್ತು. ಅದೇ ಮಾತನ್ನು ಕೆಂಚಕ್ಕ ಹೇಳಿದ್ದರೆ ಜಗಳವಾಗುತ್ತಿತ್ತು, ಹುಲುಗೇಶ ಹೇಳಿದ್ದರೆ ಸೊಕ್ಕು ಎನ್ನುತ್ತಿದ್ದರು. ದೊಡ್ಡಮನೆಯ ಬಾಯಿಂದಲೇ ಬರಬೇಕಿತ್ತು, ಬಂತು. ಈ ಮನೆಗೆ ಬಂದ ಮೇಲೆ ಇಷ್ಟು ತಲೆ ಎತ್ತಿ ನಾನು ಆ ಓಣಿಯಲ್ಲಿ ಯಾವತ್ತೂ ನಡೆದಿರಲಿಲ್ಲ.

ಮದುವೆ ನೀಲಗುಂದದಲ್ಲಿ, ಯುಗಾದಿ ಆದ ಮೇಲೆ. ನೀನು ಬರಬೇಕು, ಮಕ್ಕಳನ್ನೂ ಕರೆದುಕೊಂಡು ಬಾ. ಒಳ್ಳೆಯ ಸೀರೆ ಉಟ್ಟುಕೊಂಡು ಬಂದು ಎಲ್ಲರ ಜೊತೆ ಪಂಕ್ತಿಯಲ್ಲಿ ಕುಳಿತು ಊಟ ಮಾಡು. ತೆಲಿಗಿ ಗಾಡಿಯ ಕಥೆಯನ್ನು ನಿನ್ನ ಮಕ್ಕಳಿಗೆ ಹೇಳುವುದಾದರೆ ಈ ಸಲ ಪೂರಾ ಹೇಳು. ಚಿಕ್ಕಪ್ಪನೊಂದಿಗೆ ಜಗಳಕ್ಕೆ ಹೋಗಬೇಡ, ಅವನು ಕೆಟ್ಟವನಲ್ಲ, ನಿನ್ನನ್ನು ಎತ್ತಿ ಆಡಿಸಿದವನು. ಅಳಿಯಂದಿರಿಗೆ ನನ್ನ ನೆನಪು ಹೇಳು. ಬಸ್ಸಿಗೆ ಯಾರಾದರೂ ಬರುವವರಿದ್ದರೆ ಒಂದು ಮೊಳ ಮಲ್ಲಿಗೆ ಕಳಿಸು, ದೇವರಿಗೆ ಏರಿಸಬೇಕು.

ಇಷ್ಟೆಲ್ಲ ಓದಿದ ಮೇಲೂ ಸಿಟ್ಟಿದ್ದರೆ ಬಂದು ಎದುರಿಗೇ ಬೈಯಿ, ಫೋನಿನಲ್ಲಿ ಬೇಡ.

ನಿನ್ನ ಹಡೆದವ್ವ,
ದೊಡ್ಡಮನೆ ಗೌಡ್ತಿ

ಮರೆತ ಮಾತು: ಕಾಗದ ಮಡಚಿದವಳು ಮತ್ತೆ ಬಿಚ್ಚಿದ್ದೇನೆ. ಮರೆತೆ ಎಂದೂ ಅಲ್ಲ, ಬರೆಯಲು ನಾಚಿಕೆಯಾಗಿತ್ತು. ಪಕ್ಕೀರಪ್ಪ ನಮ್ಮದನ್ನು ಕರೆದ ಎಂದು ಮೇಲೆ ಒಂದೇ ಮಾತಿನಲ್ಲಿ ಮುಗಿಸಿದ್ದೇನಲ್ಲ, ಅಲ್ಲಿ ಒಂದು ಸಂಗತಿ ಇದೆ. ಎರಡನೆಯದಕ್ಕೆ ಬಾಯಿ ತೆರೆದವನು ನಿಂತುಬಿಟ್ಟ. ಯಾರ ಹೆಸರಿಗೆ ಕರೆಯಲಿ ಎಂದ. ಚಿಕ್ಕಪ್ಪ ಟವೆಲ್ ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದ. ನನ್ನ ಹೆಸರಿಗೆ ಕರಿ ಎಂದೆ ನಾನು. ಪಕ್ಕೀರಪ್ಪ ತಲೆ ಕೆರೆದುಕೊಂಡು, "ಗೌಡ್ತೇರ, ತಪ್ಪು ತಿಳಕೋಬ್ಯಾಡ್ರಿ, ನಿಮ್ಮ ಹೆಸರೇನ್ರಿ?" ಎಂದ. ಇಡೀ ಶಾಮಿಯಾನದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನಾನೇ ಹೇಳಬೇಕಾಯಿತು. ಗಂ-ಗಾಂ-ಬಿ-ಕಾ ಎಂದು ಅವನು ಕರೆದದ್ದು ಅಗಸೆಯ ತನಕ ಕೇಳಿಸಿತಂತೆ. ನಿನ್ನ ಚಿಕ್ಕಪ್ಪನಿಗೆ ಉರಿ ಹತ್ತಿರುವುದು ಇದಕ್ಕೆ, ಇದನ್ನು ಮಾತ್ರ ಅವನು ನಿನಗೆ ಹೇಳಿರಲಾರ. ಮನೆಗೆ ಬಂದ ವೀಳ್ಯವನ್ನೆಲ್ಲ ದೇವರ ಜಗಲಿಯ ಮೇಲೆ ಇಡುವುದು ನಮ್ಮ ಪದ್ಧತಿ, ನಿನಗೆ ಗೊತ್ತು. ಇದನ್ನು ಇಡಲಿಲ್ಲ. ಓಣಿಯಲ್ಲಿ ನಡೆಯುತ್ತಲೇ ಸುಣ್ಣ ಹಚ್ಚಿ ಪೂರಾ ಅಗಿದು ತಿಂದೆ. ನಿನಗೊಂದು ಎಲೆ ಉಳಿಸಬೇಕಿತ್ತು, ಉಳಿಸಲಿಲ್ಲ.